ಲಕ್ಷ್ಮೇಶ್ವರದ ಹತ್ತಿರ ಕಂಡ ಇಟ್ಟಂಗಿ ಬಣ್ಣದ ಬಾತು ಯಾವುದು?

ನಮಸ್ಕಾರ. ಲಕ್ಷ್ಮೇಶ್ವರದ ಹತ್ತಿರ ನಿಮ್ಮೂರ ಕೆರೆಯಲ್ಲಿ ಡಿಸೆಂಬರ್‌ನಲ್ಲಿ ಇಟ್ಟಂಗಿ ಬಣ್ಣದ ಎರಡು ದೊಡ್ಡ ಬಾತು ಕಂಡವು, ತಲೆ ಮಾತ್ರ ತಿಳಿ ಬಣ್ಣ, ಶಿಳ್ಳೆ ಬಾತು ಇರಬಹುದಾ ಅಂತ ಕೇಳಿದ್ದೀರಿ. ನೀವು ಹೇಳಿದ ಗುರುತು ನೋಡಿದರೆ ಅವು ಚಕ್ರವಾಕಗಳು. ಬ್ರಾಹ್ಮಿಣಿ ಬಾತು ಅಂತಲೂ ಕರೆಯುತ್ತಾರೆ.

ಶಿಳ್ಳೆ ಬಾತು ಚಿಕ್ಕದು, ಮಂಕು ಕಂದು, ಉದ್ದ ಸುಮಾರು 40 ಸೆಂ.ಮೀ. ಚಕ್ರವಾಕ 60ರ ಆಸುಪಾಸು. ಜೋಡಿಯಾಗಿ ಇದ್ದವು ಅಂದಿರಲ್ಲ, ಅದೂ ಇದರ ರೂಢಿಯೇ. ಕೊಕ್ಕು, ಕಾಲು, ಬಾಲ ಮೂರೂ ಕಪ್ಪು.

ಸಂಶಯ ಪೂರ್ತಿ ಹೋಗಬೇಕು ಅಂದ್ರೆ ಹಾರುವಾಗ ರೆಕ್ಕೆ ನೋಡಿ. ಮುಂಭಾಗ ಅಚ್ಚ ಬಿಳಿ, ಹಿಂದಿನ ಗರಿಗಳು ಕಪ್ಪು. ಕೂತಾಗ ಈ ಬಿಳಿ ಹೆಚ್ಚಾಗಿ ಮುಚ್ಚಿರುತ್ತದೆ, ರೆಕ್ಕೆ ಬಿಚ್ಚಿದ ಕೂಡಲೇ ಫಕ್ಕನೆ ಕಾಣುತ್ತದೆ. ಶಿಳ್ಳೆ ಬಾತಿನ ರೆಕ್ಕೆಯಲ್ಲಿ ಬಿಳಿ ಇರುವುದಿಲ್ಲ. ಕೂಗೂ ಬೇರೆ: ಚಕ್ರವಾಕ ಮೂಗಿನಿಂದ ‘ಆಂಗ್ ಆಂಗ್’ ಅನ್ನುತ್ತದೆ. ಗಂಡಿನ ಕೊರಳಿಗೆ ಸಣ್ಣ ಕಪ್ಪು ಪಟ್ಟಿ ಬರುತ್ತದೆ ನಿಜ, ಆದರೆ ಚಳಿಗಾಲದಲ್ಲಿ ಅದು ಮಸುಕಾಗಿರಬಹುದು, ಕಾಣದೆಯೂ ಇರಬಹುದು. ಅದೊಂದನ್ನೇ ನಂಬಬೇಡಿ.

ದಯವಿಟ್ಟು ರೆಕ್ಕೆ ನೋಡೋಕೆ ಅಂತ ಕಲ್ಲು ಎಸೆದು ಎಬ್ಬಿಸಬೇಡಿ. ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವ ಹಕ್ಕಿ ಅದು. ಸುಮ್ನೆ ದಂಡೆಯ ಮೇಲೆ ಕಾಯ್ದರೆ ತಾವೇ ಹಾರುತ್ತವೆ.

ಮಾಗಡಿ ಕೆರೆ ನಿಮಗೆ ಹತ್ತಿರವೇ ಅಲ್ವಾ? ಒಮ್ಮೆ ಹೋಗಿ ಬನ್ನಿ. ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಕೆರೆ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಬೈನಾಕ್ಯುಲರ್ ಇದ್ದರೆ ಮರೆಯದೆ ಒಯ್ಯಿರಿ.