ಖಾಲಿ ಗೋಡೆಯೂ ಪ್ರದರ್ಶನದ ಭಾಗವೇ?

ಪ್ರಶ್ನೆ: ಬೆಂಗಳೂರಿನ ಸಮಕಾಲೀನ ಕಲಾ ಸಂಗ್ರಹಾಲಯವೊಂದರಲ್ಲಿ ಉದ್ದನೆಯ ಬಿಳಿ ಗೋಡೆಯ ಮೇಲೆ ಒಂದೇ ಒಂದು ಚಿಕ್ಕ ಚಿತ್ರವನ್ನು ನೋಡಿದೆ. ಅಷ್ಟು ಜಾಗವನ್ನು ಖಾಲಿ ಬಿಡುವುದೇಕೆ? ನಮ್ಮೂರಿನ ಹಳೆಯ ಮನೆಯೊಂದರಲ್ಲಿ ಮಲೆನಾಡಿನ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರ ಮತ್ತು ಯುವ ಕಲಾವಿದರ ಕೃತಿಗಳನ್ನು ಒಟ್ಟಿಗೆ ಪ್ರದರ್ಶಿಸುವ ಯೋಚನೆಯಿದೆ. ನಾವೂ ಗೋಡೆಗಳಿಗೆಲ್ಲ ಬಿಳಿ ಬಳಿಯಬೇಕೇ?
— ಓದುಗರೊಬ್ಬರು, ಶಿರಸಿ

ಉತ್ತರ: ಆ ಜಾಗ ವ್ಯರ್ಥವಾದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಸಲೋನ್ ಎಂಬ ದೊಡ್ಡ ಕಲಾ ಪ್ರದರ್ಶನಗಳಲ್ಲಿ ಚಿತ್ರಗಳನ್ನು ಚೌಕಟ್ಟಿಗೆ ಚೌಕಟ್ಟು ತಾಗುವಂತೆ ಗೋಡೆಯ ತುದಿಯವರೆಗೂ ತೂಗುಹಾಕುತ್ತಿದ್ದರು. ಮೇಲಿನ ಸಾಲಿಗೆ ಹೋದ ಚಿತ್ರವನ್ನು ಯಾರೂ ಸರಿಯಾಗಿ ನೋಡಲಾಗುತ್ತಿರಲಿಲ್ಲ. ನ್ಯೂಯಾರ್ಕಿನಲ್ಲಿ 1929ರಲ್ಲಿ ಆರಂಭವಾದ ಆಧುನಿಕ ಕಲಾ ಸಂಗ್ರಹಾಲಯದ ಮೊದಲ ನಿರ್ದೇಶಕ ಆಲ್ಫ್ರೆಡ್ ಬಾರ್ ಅವರು ಅಲಂಕಾರವಿಲ್ಲದ ತಿಳಿಬಣ್ಣದ ಗೋಡೆಯ ಮೇಲೆ, ಕಣ್ಣಿನ ಮಟ್ಟದಲ್ಲಿ, ಒಂದಕ್ಕೊಂದು ದೂರವಿರುವಂತೆ ಕೃತಿಗಳನ್ನು ಇಡುವ ಕ್ರಮವನ್ನು ಬೆಳೆಸಿದರು. ಎರಡು ಕೃತಿಗಳ ನಡುವಿನ ಬಯಲು, ಒಂದನ್ನು ನೋಡಿದ ಕಣ್ಣು ಇನ್ನೊಂದಕ್ಕೆ ಹೋಗುವ ಮೊದಲು ತುಸು ತಂಗುವ ಸ್ಥಳ.

ಆದರೆ ಬಿಳಿ ಗೋಡೆಯೇ ಎಲ್ಲದಕ್ಕೂ ಸರಿ ಎಂಬುದನ್ನು ನಾನು ಒಪ್ಪುವುದಿಲ್ಲ. ಬಿಳಿ ಕೋಣೆ ತಟಸ್ಥವಲ್ಲ, ಅದು ಕೃತಿಯನ್ನು ಹೊರಗಿನ ಬದುಕಿನಿಂದ ಬೇರ್ಪಡಿಸುತ್ತದೆ ಎಂದು ವಿಮರ್ಶಕ ಬ್ರಯಾನ್ ಓ'ಡೊಹರ್ಟಿ 1976ರಲ್ಲಿಯೇ ವಾದಿಸಿದ್ದರು. ಬ್ರೆಜಿಲ್‌ನ ಸಾವೊ ಪಾವ್ಲೊ ಕಲಾ ಸಂಗ್ರಹಾಲಯದಲ್ಲಿ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ 1968ರಲ್ಲಿ ಗೋಡೆಯನ್ನೇ ಕೈಬಿಟ್ಟು, ಕಾಂಕ್ರೀಟ್ ಪೀಠಕ್ಕೆ ನೆಟ್ಟ ಗಾಜಿನ ಹಲಗೆಗಳ ಮೇಲೆ ಚಿತ್ರಗಳನ್ನು ನಿಲ್ಲಿಸಿದರು. ಕಲಾವಿದರ ಹೆಸರು ಹಿಂಬದಿಯಲ್ಲಿತ್ತು. ನೋಡುಗರು ಮೊದಲು ಚಿತ್ರವನ್ನು ನೋಡಿ, ಆಮೇಲೆ ಸುತ್ತಿ ಹೋಗಿ ಹೆಸರನ್ನು ಓದಬೇಕಿತ್ತು. 1990ರ ದಶಕದಲ್ಲಿ ತೆಗೆದುಹಾಕಿದ್ದ ಆ ವ್ಯವಸ್ಥೆಯನ್ನು 2015ರಲ್ಲಿ ಮತ್ತೆ ತಂದರು.

ಹಸೆ ಚಿತ್ತಾರದ ವಿಷಯದಲ್ಲಂತೂ ಬಿಳಿ ಬಳಿಯಲೇಬೇಡಿ. ದೀವರ ಸಮುದಾಯದ ಹೆಂಗಸರು ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಬರೆಯುವ ಆ ಗೆರೆಗಳಿಗೆ ಕೆಮ್ಮಣ್ಣು ಸಾರಿಸಿದ ಗೋಡೆಯೇ ನೆಲೆ. ನಿಮ್ಮೂರಿನ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಅವುಗಳ ಗೋಡೆಯಿಂದ ಬೇರೆಯಾಗಿ ಹೇಗೆ ಕಲ್ಪಿಸಿಕೊಳ್ಳಲಾಗದೋ, ಇದನ್ನೂ ಹಾಗೆಯೇ. ಒಂದು ಕೋಣೆಗೆ ಕೆಮ್ಮಣ್ಣು ಸಾರಿಸಿ, ಬರೆಯಬಲ್ಲವರನ್ನು ಸಂಭಾವನೆ ಕೊಟ್ಟು ಕರೆಸಿ, ಗೋಡೆಯ ಮೇಲೆಯೇ ಬರೆಸಿರಿ. ಪಕ್ಕದ ಕೋಣೆಗೆ ಸುಣ್ಣ ಬಳಿದು ಯುವ ಕಲಾವಿದರ ಕೃತಿಗಳನ್ನಿಡಿ. ನಡುವಿನ ಬಾಗಿಲಲ್ಲಿ ನಿಂತವರಿಗೆ ಎರಡೂ ಒಟ್ಟಿಗೆ ಕಾಣುವಂತೆ ಪ್ರತಿ ಕೋಣೆಯಲ್ಲೂ ಒಂದೊಂದು ಮುಖ್ಯ ಕೃತಿಯ ಸ್ಥಾನವನ್ನು ಮೊದಲು ನಿಶ್ಚಯಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 155 ಸೆಂ.ಮೀ. ಎತ್ತರದಲ್ಲಿರಲಿ. ಇನ್ನೊಂದು ಮಾತು: ಯುವ ಕಲಾವಿದರ ಹೆಸರುಗಳನ್ನು ಬರೆದು, ಚಿತ್ತಾರದ ಬಳಿ ಕೇವಲ 'ಜನಪದ ಕಲೆ' ಎಂಬ ಚೀಟಿ ಅಂಟಿಸುವ ಅನ್ಯಾಯವಾಗದಿರಲಿ, ಬರೆದಾಕೆಯ ಹೆಸರು, ಊರು ಅದೇ ಗಾತ್ರದ ಅಕ್ಷರಗಳಲ್ಲಿರಬೇಕು.

ಪ್ರಶ್ನೆ: ಕಾರವಾರದಲ್ಲಿ ಮಳೆಗಾಲದಲ್ಲಿ ಜಲವರ್ಣ ಚಿತ್ರಗಳ ಪ್ರದರ್ಶನ ನಡೆಸಬಹುದೇ?
— ಕಲಾ ವಿದ್ಯಾರ್ಥಿನಿ, ಕಾರವಾರ

ಉತ್ತರ: ಸಾಧ್ಯವಿದ್ದರೆ ಮಳೆಗಾಲ ಕಳೆಯುವವರೆಗೆ ಕಾಯಿರಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 70ನ್ನು ಮೀರಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಕರಾವಳಿಯ ಮಳೆಗಾಲದಲ್ಲಿ ಅದು ಇದನ್ನು ಮೀರಿಯೇ ಇರುತ್ತದೆ. ನಡೆಸಲೇಬೇಕಾದರೆ, ಮಳೆಗೆ ನೆನೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿಕೊಳ್ಳಿ. ಗಾಳಿ ಆಡುವಂತೆ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡುಗಳನ್ನು ಅಂಟಿಸಿ. ಗಾಜು ಕಾಗದಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಜಲವರ್ಣಕ್ಕೆ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ಮಂದ ಬೆಳಕು ಸಾಕು ಎಂಬುದು ಸಂಗ್ರಹಾಲಯಗಳು ಪಾಲಿಸಿಕೊಂಡು ಬಂದ ಕ್ರಮ. ಹೊರಗಿನ ಬೆಳಕಿನಿಂದ ಬಂದವರ ಕಣ್ಣು ಅದಕ್ಕೆ ಒಗ್ಗಲು ಒಂದೆರಡು ನಿಮಿಷ ಬೇಕಾಗುವುದರಿಂದ, ಬಾಗಿಲ ಬಳಿ ಚಿತ್ರಗಳನ್ನಿಡದೆ ಪರಿಚಯದ ಬರಹವನ್ನಷ್ಟೇ ಇಡಿ.