ಮನೆತನದಲ್ಲಿ ಕ್ಯಾನ್ಸರ್ ಇದ್ದರೆ ಜೀನ್ ಪರೀಕ್ಷೆ ಮೊದಲು ಯಾರಿಗೆ?

ಪ್ರಶ್ನೆ: ನನಗೆ 34 ವರ್ಷ. ಅಮ್ಮನಿಗೆ 42ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು, ಈಗ ಆರಾಮಾಗಿದ್ದಾರೆ. ಅಮ್ಮನ ತಂಗಿಗೆ ಕಳೆದ ವರ್ಷ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗಿ ಚಿಕಿತ್ಸೆ ನಡೆಯುತ್ತಿದೆ. ನನಗೂ ಬಂದೇ ಬರುತ್ತೆ ಅನ್ನುವ ಭಯ. ಜೀನ್ ಪರೀಕ್ಷೆ ಮಾಡಿಸಿಕೊಳ್ಳಲಾ ಡಾಕ್ಟರೇ? ಅಮ್ಮನ ಹತ್ತಿರ ಇನ್ನೂ ಮಾತಾಡಿಲ್ಲ.

ಪರೀಕ್ಷೆ ಆಗಲೇಬೇಕು. ಆದರೆ ಮೊದಲು ನಿಮಗಲ್ಲ, ನಿಮ್ಮ ಚಿಕ್ಕಮ್ಮನಿಗೆ. ಭಯ ಇರುವುದು ನಿಮಗೆ, ರಕ್ತ ಕೊಡಬೇಕಾದವರು ಅವರು ಅಂದರೆ ಎಷ್ಟೋ ಜನರಿಗೆ ವಿಚಿತ್ರ ಅನ್ನಿಸುತ್ತದೆ. ಕಾರಣ ಹೇಳುತ್ತೇನೆ.

ನೀವೇ ಮೊದಲು ಮಾಡಿಸಿದಿರಿ, 'ಏನೂ ಸಿಗಲಿಲ್ಲ' ಅಂತ ವರದಿ ಬಂತು ಅಂದುಕೊಳ್ಳಿ. ಅದಕ್ಕೆ ಎರಡು ಅರ್ಥ ಇರಬಹುದು. ಮನೆತನದಲ್ಲಿ ಒಂದು ಕೆಟ್ಟ ಜೀನ್ ಇದೆ, ಅದು ನಿಮಗೆ ಬಂದಿಲ್ಲ. ಇಲ್ಲವೇ, ಮನೆತನದಲ್ಲಿರುವ ದೋಷ ಇವತ್ತಿನ ಪರೀಕ್ಷೆಗೆ ಸಿಗುವಂಥದ್ದೇ ಅಲ್ಲ, ಅದು ನಿಮ್ಮಲ್ಲೂ ಇರಬಹುದು. ಮೊದಲನೆಯದಾದರೆ ನೀವು ನಿರಾಳ. ಎರಡನೆಯದಾದರೆ ಎಚ್ಚರ ಬಿಡುವಂತಿಲ್ಲ. ಯಾವುದು ಅಂತ ಆ ವರದಿ ಹೇಳುವುದೇ ಇಲ್ಲ. ಅದೇ, ಚಿಕ್ಕಮ್ಮನಲ್ಲಿ ಒಂದು ಮ್ಯುಟೇಶನ್, ಅಂದರೆ ಜೀನನ್ನು ಕೆಡಿಸುವ ಬದಲಾವಣೆ, ಸಿಕ್ಕಿತು ಅನ್ನಿ. ಆಗ ನಿಮ್ಮಲ್ಲಿ ಹುಡುಕಬೇಕಾದ್ದು ಅದೊಂದನ್ನೇ. 'ಇಲ್ಲ' ಅಂತ ಬಂದರೆ ಅದು ನಂಬಬಹುದಾದ 'ಇಲ್ಲ'. ನಿಮ್ಮ ಅಪಾಯ ಹೆಚ್ಚುಕಡಿಮೆ ನಿಮ್ಮ ವಯಸ್ಸಿನ ಬೇರೆ ಹೆಂಗಸರಷ್ಟೇ ಆಗುತ್ತದೆ.

ಅಮ್ಮನಿಗಿಂತ ಚಿಕ್ಕಮ್ಮನೇ ಏಕೆ ಅಂದರೆ, ಸ್ತನ ಕ್ಯಾನ್ಸರ್ ತುಂಬ ಸಾಮಾನ್ಯ. ಕೆಟ್ಟ ಜೀನ್ ಇರುವ ಮನೆತನದಲ್ಲೂ ಯಾರಿಗೋ ಒಬ್ಬರಿಗೆ ಆ ಜೀನ್ ಇಲ್ಲದೆಯೇ ಸ್ತನ ಕ್ಯಾನ್ಸರ್ ಬಂದಿರಬಹುದು. ಅಂಡಾಶಯದ ಕ್ಯಾನ್ಸರ್ ಅಪರೂಪ. ಹಾಗಾಗಿ ಅಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಜಾಸ್ತಿ. ಇನ್ನೊಂದು ವಿಷಯ, ಈ ಪರೀಕ್ಷೆಯಿಂದ ಲಾಭ ನಿಮಗೊಬ್ಬರಿಗೇ ಅಲ್ಲ. ಬಿಆರ್‌ಸಿಎ (ಸ್ತನ, ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಜೀನ್) ಕೆಟ್ಟಿರುವ ಅಂಡಾಶಯದ ಕ್ಯಾನ್ಸರಿಗೆ ಒಲಾಪರಿಬ್‌ನಂಥ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ ಅದು. ಹೀಗಾಗಿ ಅಂಡಾಶಯದ ಕ್ಯಾನ್ಸರ್ ಬಂದ ಹೆಂಗಸರಿಗೆಲ್ಲ ಜೀನ್ ಪರೀಕ್ಷೆ ಮಾಡಿಸಿ ಅಂತಲೇ ಈಗಿನ ಸಲಹೆ. ಚಿಕ್ಕಮ್ಮನಿಗೆ ಇನ್ನೂ ಆಗಿಲ್ಲದಿದ್ದರೆ ಅವರ ಡಾಕ್ಟರನ್ನು ಈ ವಾರವೇ ಕೇಳಿ.

ಈಗ ನಿಮ್ಮ 'ಬಂದೇ ಬರುತ್ತೆ' ವಿಷಯ. ತಾಯಿಯಿಂದ ಮಗಳಿಗೆ ಬರುವುದು ಕ್ಯಾನ್ಸರ್ ಅಲ್ಲ, ಅದಕ್ಕೆ ಬೇಗ ಈಡಾಗುವ ಗುಣ. ಇದನ್ನು 1971ರಲ್ಲಿ ಆಲ್‌ಫ್ರೆಡ್ ನಡ್ಸನ್ ಎಂಬ ವೈದ್ಯರು ಮಕ್ಕಳ ಕಣ್ಣಿನ ಕ್ಯಾನ್ಸರ್ ಲೆಕ್ಕ ಹಾಕುತ್ತಾ ಕಂಡುಕೊಂಡರು. ನಮ್ಮ ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಎರಡು ಬೀಗ ಹಾಕಿದ ಬಾಗಿಲು ಇದ್ದ ಹಾಗೆ. ಹೆಚ್ಚಿನವರು ಎರಡೂ ಬೀಗ ಭದ್ರವಾಗಿದ್ದು ಹುಟ್ಟಿದರೆ, ಇಂಥ ಮನೆತನದ ಕೆಲವರು ಒಂದು ಬೀಗ ತೆರೆದೇ ಹುಟ್ಟುತ್ತಾರೆ. ಬಾಗಿಲು ಮುಚ್ಚಿಯೇ ಇರುತ್ತದೆ. ಆದರೆ ಮುಂದೆ ಯಾವುದೋ ಒಂದು ಜೀವಕೋಶದಲ್ಲಿ ಎರಡನೆಯದೂ ಕೈಕೊಟ್ಟರೆ ತೊಂದರೆ ಶುರು. ಎಷ್ಟೋ ಜನರಲ್ಲಿ ಅದು ಕೊನೆಯವರೆಗೂ ಕೈಕೊಡುವುದಿಲ್ಲ.

ಸ್ತನ ಕ್ಯಾನ್ಸರಿಗೆ ಹೀಗೊಂದು ಜೀನ್ ಇದೆ ಅನ್ನುವುದನ್ನೇ ಬಹಳ ಜನ ವಿಜ್ಞಾನಿಗಳು ನಂಬಿರಲಿಲ್ಲ. ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಪಟ್ಟು ಬಿಡಲಿಲ್ಲ. ಸ್ತನ ಕ್ಯಾನ್ಸರ್ ಮತ್ತೆ ಮತ್ತೆ ಬಂದಿದ್ದ 23 ಕುಟುಂಬಗಳನ್ನು, ಅವುಗಳಲ್ಲಿ ಕಾಯಿಲೆ ಬಂದ 146 ಜನರನ್ನು ಹಿಡಿದುಕೊಂಡು, 1990ರಲ್ಲಿ ಆ ಜೀನ್ 17ನೇ ಕ್ರೋಮೋಸೋಮ್ (ಜೀನುಗಳಿರುವ ಡಿಎನ್‌ಎ ಎಳೆ) ಮೇಲಿದೆ ಎಂದು ತೋರಿಸಿದರು. 1994ರಲ್ಲಿ ಜೀನ್ ಕೈಗೆ ಸಿಕ್ಕಿತು. ಅದೇ ಬಿಆರ್‌ಸಿಎ1. ಮರುವರ್ಷ ಬಿಆರ್‌ಸಿಎ2 ಸಿಕ್ಕಿತು. ಒಡೆದ ಡಿಎನ್‌ಎಯನ್ನು ಸರಿಯಾಗಿ ಜೋಡಿಸುವುದು ಎರಡರ ಕೆಲಸವೂ ಹೌದು. ಆ ಕೆಲಸ ನಿಂತರೆ ತಪ್ಪುಗಳು ಸೇರುತ್ತಾ ಹೋಗುತ್ತವೆ.

ಅಂಕಿ ಮುಚ್ಚಿಡುವುದಿಲ್ಲ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಬಿಆರ್‌ಸಿಎ1 ಕೆಟ್ಟಿರುವ 100 ಹೆಂಗಸರಲ್ಲಿ ಸುಮಾರು 72 ಮಂದಿಗೆ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ, 44 ಮಂದಿಗೆ ಅಂಡಾಶಯದ್ದು. ಬಿಆರ್‌ಸಿಎ2 ಆದರೆ 69 ಮತ್ತು 17. ಇದು ಸಣ್ಣ ಅಪಾಯ ಅಲ್ಲ. ಆದರೆ ನಿಮಗೆ ಆ ಜೀನ್ ಬಂದಿದೆಯೋ ಇಲ್ಲವೋ ಅನ್ನುವುದೇ ಇನ್ನೂ ಗೊತ್ತಿಲ್ಲ. ಅಮ್ಮನಿಗೆ ಇದ್ದರೂ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ.

ಬಂದಿದ್ದರೂ ಮಾಡುವುದಕ್ಕೆ ಬೇಕಾದಷ್ಟಿದೆ. ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30 ದಾಟಿದ ಮೇಲೆ ಜೊತೆಗೆ ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ). ಹೀಗೆ ಕಾದು ನೋಡುವುದೂ ಒಂದು ದಾರಿ. ಸ್ತನಗಳನ್ನು ಮೊದಲೇ ತೆಗೆಸಿಕೊಂಡರೆ ಅಪಾಯ ಶೇಕಡ 90ಕ್ಕಿಂತ ಜಾಸ್ತಿ ಇಳಿಯುತ್ತದೆ. ಆದರೆ ಅದು ನಿಮ್ಮ ಇಷ್ಟ, ಯಾರೂ ಬಲವಂತ ಮಾಡಬಾರದು. ಅಂಡಾಶಯದ ವಿಷಯದಲ್ಲಿ ಮಾತ್ರ ನನ್ನ ಸಲಹೆ ಗಟ್ಟಿ. ಅದನ್ನು ಬೇಗ ಹಿಡಿಯುವ ನಂಬಿಕಸ್ಥ ಪರೀಕ್ಷೆ ಇಲ್ಲ. ಸ್ಕ್ಯಾನು, ರಕ್ತ ಪರೀಕ್ಷೆ ಎರಡೂ ತಡವಾಗಿ ಹೇಳುತ್ತವೆ. ಆದ್ದರಿಂದ ಮಕ್ಕಳು ಸಾಕು ಅನ್ನಿಸಿದ ಮೇಲೆ, ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅದರ ನಾಳಗಳನ್ನು ತೆಗೆಸಿಕೊಳ್ಳುವುದು ಒಳ್ಳೆಯದು. ಮುಟ್ಟು ಬೇಗ ನಿಲ್ಲುವುದರಿಂದ ಮೂಳೆಗೆ, ಮನಸ್ಸಿಗೆ ಆಗುವ ತೊಂದರೆ ನಿಜ. ಅದಕ್ಕೂ ಚಿಕಿತ್ಸೆ ಇದೆ, ಮೊದಲೇ ಕೇಳಿ ತಿಳಿದುಕೊಳ್ಳಿ.

ಅಮ್ಮನಿಗೆ ಹೇಗೆ ಹೇಳುವುದು? ಇದನ್ನು ನೀವು ಕೇಳಿಲ್ಲ, ಆದರೆ ಪತ್ರದಲ್ಲಿ ಅದೇ ಕಾಣುತ್ತಿದೆ. 'ನನ್ನಿಂದ ಮಗಳಿಗೆ ಹೀಗಾಯಿತಲ್ಲ' ಅಂತ ತಾಯಂದಿರು ಒಳಗೊಳಗೇ ಕೊರಗುತ್ತಾರೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಈ ಮಾತೇ ಏಳುವುದಿಲ್ಲ. ಅಮ್ಮನಿಗೂ ಅದು ಅವರ ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು, ಯಾರೂ ಆರಿಸಿ ಕೊಟ್ಟದ್ದಲ್ಲ. 'ನನಗೆ ಭಯ ಆಗ್ತಿದೆ, ಜೊತೆಗೆ ಬಾ' ಅಂತ ಕರೆದು ನೋಡಿ. ಮೂವರೂ ಸೇರಿ ಒಬ್ಬ ಜೆನೆಟಿಕ್ ಕೌನ್ಸೆಲರ್ (ಜೀನ್ ಪರೀಕ್ಷೆ ಬಗ್ಗೆ ಸಲಹೆ ಕೊಡುವವರು) ಹತ್ತಿರ ಹೋಗಿ. ಹೋಗುವ ಮೊದಲು ಮನೆತನದಲ್ಲಿ ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಬಂತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಜ್ಜನ ಕಡೆಯವರನ್ನೂ ಬಿಡಬೇಡಿ.

ಪ್ರಶ್ನೆ: ನನ್ನ ವರದಿಯಲ್ಲಿ ಬಿಆರ್‌ಸಿಎ2 ಜೀನಿನಲ್ಲಿ ಒಂದು ಬದಲಾವಣೆ ಇದೆ, ಆದರೆ ಅದರ ಅರ್ಥ ಖಚಿತವಿಲ್ಲ ಅಂತ ಬರೆದಿದ್ದಾರೆ. ರಾತ್ರಿ ನಿದ್ದೆ ಇಲ್ಲ. ತಂಗಿಗೂ ಮಾಡಿಸಬೇಕಾ?

ಬೇಡ. ಈ ಬದಲಾವಣೆ ಹುಡುಕಿಕೊಂಡು ತಂಗಿಗೆ ಪರೀಕ್ಷೆ ಬೇಡ, ಅದನ್ನು ನಂಬಿ ಆಪರೇಷನ್ ಅಂತೂ ಬೇಡವೇ ಬೇಡ.

ಬಿಆರ್‌ಸಿಎ ಜೀನುಗಳಲ್ಲಿ ಡಿಎನ್‌ಎ ಅಕ್ಷರಗಳ ಸಾವಿರಾರು ಬಗೆಯ ಬದಲಾವಣೆಗಳು ಕಂಡಿವೆ. ಕೆಲವು ಜೀನನ್ನು ಹಾಳು ಮಾಡುತ್ತವೆ, ಹಲವು ಏನೂ ಮಾಡುವುದಿಲ್ಲ. ಇವೆರಡರಲ್ಲಿ ಯಾವುದು ಅಂತ ಇನ್ನೂ ತೀರ್ಮಾನವಾಗದವನ್ನು ಹೀಗೆ ಬರೆಯುತ್ತಾರೆ. ಮುಂದೆ ತೀರ್ಮಾನವಾದಾಗ ಅವುಗಳಲ್ಲಿ ಹೆಚ್ಚಿನವು ನಿರಪಾಯ ಅಂತಲೇ ಹೊರಬಿದ್ದಿವೆ. ನನಗೆ ಬೇಸರದ ಸಂಗತಿ ಅಂದರೆ, ಇಂಥ ವರದಿ ಯುರೋಪ್ ಮೂಲದವರಿಗಿಂತ ಉಳಿದವರಿಗೆ ಜಾಸ್ತಿ ಬರುತ್ತದೆ. ಸಂಶೋಧನೆಗೆ ಸೇರಿಸಿಕೊಂಡವರಲ್ಲಿ ಬಹುಪಾಲು ಯುರೋಪ್ ಮೂಲದವರೇ. ಬೇರೆಯವರಲ್ಲಿ ಸಹಜವಾಗಿರುವ ಬದಲಾವಣೆಯೂ ಕಂಪ್ಯೂಟರಿಗೆ ಹೊಸದಾಗಿ ಕಾಣುತ್ತದೆ. ಇದು ತಪ್ಪಬೇಕಾದರೆ ಎಲ್ಲ ಕಡೆಯ ಜನರೂ ಅಧ್ಯಯನದಲ್ಲಿ ಸೇರಬೇಕು. ಕೆಲಸ ನಿಂತಿಲ್ಲ. 2018ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬಿಆರ್‌ಸಿಎ1ರ ಸುಮಾರು 4,000 ಬದಲಾವಣೆಗಳನ್ನು ಒಂದೊಂದಾಗಿ ಜೀವಕೋಶಗಳಲ್ಲಿ ಮಾಡಿ ನೋಡಿ, ಯಾವುದು ಜೀನನ್ನು ಕೆಡಿಸುತ್ತದೆ ಎಂದು ಪಟ್ಟಿ ಮಾಡಿದರು.

ಸದ್ಯಕ್ಕೆ ನಿಮ್ಮ ಎಚ್ಚರ ಮನೆತನದ ಇತಿಹಾಸವನ್ನು ನೋಡಿಕೊಂಡು ಇರಲಿ, ಆ ಬದಲಾವಣೆಯನ್ನು ನೋಡಿಕೊಂಡು ಅಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಲ್ಯಾಬಿಗೆ ಕೇಳಿ, ತೀರ್ಮಾನ ಬದಲಾಗಿದೆಯಾ ಅಂತ.

ಪ್ರಶ್ನೆ: ಅಪ್ಪನಿಗೆ 44ಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್, ಸೋದರತ್ತೆಗೆ ಗರ್ಭಕೋಶದ ಕ್ಯಾನ್ಸರ್. ಬೇರೆ ಬೇರೆ ಕ್ಯಾನ್ಸರ್ ಅಲ್ವಾ, ಸಂಬಂಧ ಇರುತ್ತಾ? ನಾನು ಗಂಡಸು, 30 ವರ್ಷ.

ಇರಬಹುದು, ಇವೆರಡು ಒಂದೇ ಮನೆತನದಲ್ಲಿ ಕಂಡರೆ ನಾವು ಕಿವಿ ನೆಟ್ಟಗೆ ಮಾಡುತ್ತೇವೆ. ಇದರ ಕತೆ ಹಳೆಯದು. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಎಂಬ ವೈದ್ಯರಿಗೆ ಅವರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಹೇಳಿದರಂತೆ, 'ನಮ್ಮ ಮನೆಯವರೆಲ್ಲ ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗುತ್ತಾರೆ, ನಾನೂ ಹಾಗೇ' ಅಂತ. ಅವರು ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ವಾರ್ತಿನ್ ಆ ಮನೆತನದ ವಿವರವನ್ನು 1913ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಎಂಬ ಅಮೆರಿಕದ ವೈದ್ಯರು ಇಂಥದ್ದೇ ಮನೆತನಗಳನ್ನು ಹಿಡಿದು ಹೊರಟಾಗಲೂ, ಕ್ಯಾನ್ಸರ್ ಹುಟ್ಟಿನಿಂದ ಬರುವುದೇ ಅಂತ ನಂಬದವರೇ ಜಾಸ್ತಿ. 1993ರ ನಂತರ ಒಂದೊಂದಾಗಿ ಜೀನುಗಳು ಸಿಕ್ಕವು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಜೀನುಗಳು ಅವು. ಈಗ ಇದನ್ನು ಲಿಂಚ್ ಸಿಂಡ್ರೋಮ್ ಅನ್ನುತ್ತೇವೆ.

ಇಲ್ಲೂ ಮೊದಲ ಹೆಜ್ಜೆ ನಿಮ್ಮದಲ್ಲ. ಅಪ್ಪನ ಆಪರೇಷನ್ ಆದಾಗ ತೆಗೆದ ಗಡ್ಡೆಯ ತುಣುಕನ್ನು ಆಸ್ಪತ್ರೆಯವರು ಮೇಣದಲ್ಲಿ ಕಾದಿಟ್ಟಿರುತ್ತಾರೆ. ಆ ತಿದ್ದುವ ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯೇ ಅಂತ ಮೊದಲು ನೋಡಬಹುದು. ಅಪ್ಪ ಈಗ ಇಲ್ಲದಿದ್ದರೂ ಈ ದಾರಿ ಮುಚ್ಚಿಲ್ಲ. ಅನುಮಾನ ಬಲವಾದರೆ ಅಪ್ಪನ ಅಥವಾ ಅತ್ತೆಯ ರಕ್ತ, ಆಮೇಲೆ ನಿಮ್ಮದು. ನಿಮಗೂ ಇದೆ ಅಂತಾದರೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿಂದ ನೋಡುವುದು). ಸಾಮಾನ್ಯವಾಗಿ 20ರಿಂದ 25ಕ್ಕೇ ಶುರು ಮಾಡುತ್ತೇವೆ, ಹಾಗಾಗಿ ನೀವು ತಡಮಾಡುವಂತಿಲ್ಲ. ಕ್ಯಾನ್ಸರ್ ಆಗುವ ಮೊದಲೇ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಚಿಕ್ಕ ಗಂಟು) ಕಿತ್ತು ಹಾಕಬಹುದು. ಇಂಥವರು ದಿನಾ 600 ಮಿ.ಗ್ರಾಂ ಆಸ್ಪಿರಿನ್ ಅನ್ನು ಎರಡು ವರ್ಷ ತೆಗೆದುಕೊಂಡರೆ ಮುಂದೆ ಕರುಳಿನ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂದು ಕ್ಯಾಪ್2 ಎಂಬ ಅಧ್ಯಯನ ತೋರಿಸಿದೆ. ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಇರುವುದರಿಂದ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಗಂಡಸು ಅಂದಿರಿ. ಅಂಡಾಶಯ, ಸ್ತನದ ಕ್ಯಾನ್ಸರಿನ ಜೀನುಗಳು ಕೂಡ ಅಪ್ಪನಿಂದ ಮಗಳಿಗೆ ಹೋಗುತ್ತವೆ. ಬಿಆರ್‌ಸಿಎ2 ಕೆಟ್ಟಿದ್ದರೆ ಗಂಡಸರಿಗೇ ಪ್ರಾಸ್ಟೇಟ್, ಮೇದೋಜೀರಕ ಗ್ರಂಥಿ, ಅಪರೂಪಕ್ಕೆ ಸ್ತನದ ಕ್ಯಾನ್ಸರ್ ಬರಬಹುದು.

ಪ್ರಶ್ನೆ: ಮನೆಗೇ ತರಿಸುವ ಎಂಜಲಿನ ಕಿಟ್‌ನಲ್ಲಿ ಕ್ಯಾನ್ಸರ್ ಅಪಾಯ ಇಲ್ಲ, ಸಕ್ಕರೆ ಕಾಯಿಲೆ ಮತ್ತು ಹೃದಯದ ಅಪಾಯ ಜಾಸ್ತಿ ಅಂತ ಬಂದಿದೆ. ನಂಬಬಹುದಾ?

ಕ್ಯಾನ್ಸರ್ ಇಲ್ಲ ಅಂದದ್ದನ್ನು ನಂಬಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಮೊದಲ ಬಾರಿ ಅನುಮತಿ ಕೊಟ್ಟ ಇಂಥ ಬಿಆರ್‌ಸಿಎ ಪರೀಕ್ಷೆ ನೋಡುತ್ತಿದ್ದದ್ದು ಮೂರೇ ಮೂರು ಮ್ಯುಟೇಶನ್, ಅವೂ ಅಶ್ಕೆನಾಜಿ (ಮಧ್ಯ, ಪೂರ್ವ ಯುರೋಪ್ ಮೂಲದ) ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವಂಥವು. ಉಳಿದ ಸಾವಿರಾರನ್ನು ಅದು ನೋಡುವುದೇ ಇಲ್ಲ.

ಸಕ್ಕರೆ ಕಾಯಿಲೆಯದು ಬೇರೆ ಲೆಕ್ಕ. ಅಲ್ಲಿ ಒಂದೇ ಜೀನ್ ಅಲ್ಲ, ನೂರಾರು ಚಿಕ್ಕ ಚಿಕ್ಕ ಬದಲಾವಣೆಗಳು ಸೇರುತ್ತವೆ. ಅವನ್ನು ಕೂಡಿಸಿ ಒಂದು ಅಂಕ ಕೊಡುತ್ತಾರೆ. ನಿಮ್ಮ ತೂಕ, ಓಡಾಟ, ಅಪ್ಪ ಅಮ್ಮನಿಗೆ ಇದೆಯೇ ಅನ್ನುವುದು ಇವತ್ತಿಗೂ ಆ ಅಂಕದಷ್ಟೇ, ಹಲವರಿಗೆ ಅದಕ್ಕಿಂತ ಜಾಸ್ತಿ ಹೇಳುತ್ತವೆ. ಸುಮ್ನೆ ಅಂಕ ನೋಡಿ ಹೆದರಬೇಡಿ, ರಕ್ತದ ಸಕ್ಕರೆ ನೋಡಿಸಿ.

ಹೃದಯದ ವಿಷಯದಲ್ಲಿ ಒಂದು ಕೇಳುತ್ತೇನೆ. ಮನೆತನದಲ್ಲಿ 50ರ ಒಳಗೇ ಹೃದಯಾಘಾತ ಆದವರಿದ್ದಾರಾ? ಇದ್ದರೆ ಕೊಲೆಸ್ಟರಾಲ್ ಪರೀಕ್ಷೆ ಇವತ್ತೇ ಮಾಡಿಸಿ. ಸುಮಾರು 250 ಜನರಲ್ಲಿ ಒಬ್ಬರು ಕೊಲೆಸ್ಟರಾಲನ್ನು ರಕ್ತದಿಂದ ತೆಗೆಯುವ ಜೀನ್ ಕೆಟ್ಟೇ ಹುಟ್ಟುತ್ತಾರೆ. ಈ ದಾರಿಯನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ಬಂತು. ಅಂಥವರಿಗೆ ಪಥ್ಯ ಒಂದೇ ಸಾಲದು, ಚಿಕ್ಕ ವಯಸ್ಸಿನಲ್ಲೇ ಮಾತ್ರೆ ಬೇಕು. ತೆಗೆದುಕೊಂಡರೆ ಹೃದಯಾಘಾತದ ಅಪಾಯ ಬಹಳಷ್ಟು ಇಳಿಯುತ್ತದೆ.

ಪ್ರಶ್ನೆ: ನನಗೆ ಬಿಆರ್‌ಸಿಎ1 ಇದೆ. ಮಗಳಿಗೆ 9 ವರ್ಷ. ಅವಳಿಗೂ ಈಗಲೇ ಮಾಡಿಸಿಬಿಡಲಾ?

ಈಗ ಬೇಡಮ್ಮ. ಬಾಲ್ಯದಲ್ಲಿ ಈ ಜೀನಿಗೆ ಅಂತ ಮಾಡುವ ಚಿಕಿತ್ಸೆ, ತಪಾಸಣೆ ಏನೂ ಇಲ್ಲ. ಸ್ತನದ ತಪಾಸಣೆ ಶುರುವಾಗುವುದೇ 25ರ ಹೊತ್ತಿಗೆ. 18 ದಾಟಿದ ಮೇಲೆ ಅವಳೇ ತೀರ್ಮಾನಿಸಲಿ. ತಿಳಿದುಕೊಳ್ಳುವುದು ಬೇಡ ಅನ್ನುವ ಹಕ್ಕೂ ಅವಳದೇ.

ಎಲ್ಲ ಜೀನಿಗೂ ಈ ಮಾತಲ್ಲ. ಕರುಳಿನ ತುಂಬ ಪಾಲಿಪ್ ಬರುವ ಎಪಿಸಿ ಜೀನ್ ಮನೆತನದಲ್ಲಿದ್ದರೆ 10ರಿಂದ 12ರ ಹೊತ್ತಿಗೇ ಪರೀಕ್ಷೆ ಬೇಕು, ಯಾಕೆಂದರೆ ಕರುಳಿನ ತಪಾಸಣೆ ಆಗಲೇ ಶುರುವಾಗಬೇಕು. ಕಣ್ಣಿನ ಕ್ಯಾನ್ಸರಿನ ಜೀನ್ ಇದ್ದರೆ ಮಗು ಹುಟ್ಟಿದ ಕೂಡಲೇ. ನಿಮ್ಮ ಮಗಳಿಗೆ ಈಗ ಬೇಕಿರುವುದು ಅಷ್ಟೇ, ಅಮ್ಮ ಏಕೆ ವರ್ಷವರ್ಷ ಸ್ಕ್ಯಾನಿಗೆ ಹೋಗುತ್ತಾಳೆ ಅಂತ ಕೇಳಿದಾಗ ಮುಚ್ಚಿಡದ ಉತ್ತರ. ನಿಮ್ಮ ವರದಿಯ ಒಂದು ಪ್ರತಿಯನ್ನು ಅವಳಿಗಾಗಿ ಎತ್ತಿಡಿ. ಮುಂದೆ ಅವಳ ಪರೀಕ್ಷೆಗೆ ಅದರಲ್ಲಿರುವ ಮ್ಯುಟೇಶನ್ನಿನ ಹೆಸರೇ ಬೇಕಾಗುತ್ತದೆ.