ಪಹಣಿ ಓದಲು ಬಾರದ ಬುದ್ಧಿವಂತರು

ಪತ್ರ: ಸಂಪಾದಕರೇ, ಹೋದ ಸಂಚಿಕೆಯಲ್ಲಿ ಕಾನೂನು ಮೇಷ್ಟ್ರು ಶಮ್ನಾದ್ ಬಷೀರ್ ಬಗ್ಗೆ ಬಂದ ಲೇಖನ ಓದಿದೆ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪನಿ ವಕೀಲಿಕೆಯಲ್ಲೂ ಎಲ್ಲ ಥರದ ಜನ ಇರಬೇಕು ಅನ್ನೋದು ಅತಿಯಾಯಿತು. ಕೋಟಿಗಟ್ಟಲೆ ವ್ಯವಹಾರದ ಕಾಗದ ಬರೆಯುವವನಿಗೆ ಬೇಕಾದ್ದು ಜಾಣತನ ಮತ್ತು ಇಂಗ್ಲಿಷ್. ಅವನು ಯಾವ ಊರು, ಯಾವ ಜಾತಿ ಅಂತ ಯಾರಿಗೆ ಬೇಕು? ದೊಡ್ಡ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಎಲ್ಲರಿಗೂ ಒಂದೇ. ಪಾಸಾದವರು ಹೋಗಲಿ. ಕನ್ನಡದ ಮಕ್ಕಳಿಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ. 25 ಸೀಟು ಬೇರೆ ಇದೆ. ಇನ್ನೇನು ಬೇಕು? ನನ್ನ ಮೊಮ್ಮಗಳೂ ಈ ಸಲ ಕ್ಲ್ಯಾಟ್ ಬರೆಯುತ್ತಿದ್ದಾಳೆ. — ನಿವೃತ್ತ ಗಣಿತ ಮೇಷ್ಟ್ರು, ತಿಪಟೂರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ಈ ತಿಂಗಳ ಕಾಗದಗಳ ಕಟ್ಟಿನಲ್ಲಿ ನಿಮ್ಮದನ್ನೇ ಎತ್ತಿಕೊಂಡೆ. ಎಷ್ಟೋ ಜನ ಒಳಗೊಳಗೇ ಅಂದುಕೊಂಡು ಸುಮ್ನಿರುವ ಮಾತನ್ನು ನೀವು ನೇರವಾಗಿ ಬರೆದಿದ್ದೀರಿ. ಅಕ್ಷರವೂ ಚೆಂದ. ಆದರೂ ಇವತ್ತು ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಬೇಜಾರು ಮಾಡ್ಕೋಬೇಡಿ.

ಒಪ್ಪುವ ಮಾತು ಮೊದಲು ಹೇಳಿಬಿಡುತ್ತೇನೆ. ಕಂಪನಿ ಒಪ್ಪಂದದಲ್ಲಿ ಒಂದು ಪದ ಆಚೀಚೆ ಆದರೂ ದುಡ್ಡು ಹೋಗುತ್ತದೆ. ಹಣ ಹಾಕುವವನು ಸಿಂಗಪುರದಲ್ಲೋ ಲಂಡನ್ನಿನಲ್ಲೋ ಕೂತಿರುತ್ತಾನೆ. ಕಾಗದ ಇಂಗ್ಲಿಷಿನಲ್ಲೇ ಇರಬೇಕು. ಅದು ಬಾರದೆ ಆ ಕೆಲಸ ಆಗಲ್ಲ. ಸರಿ, ಒಪ್ಪಿದೆ.

ಈಗ ಬಷೀರ್ ವಿಷಯಕ್ಕೆ ಬನ್ನಿ. ನೀವು ಹೇಳುವ ‘ಜಾಣತನ ಮತ್ತು ಇಂಗ್ಲಿಷ್’ ಎರಡೂ ಅವರ ಹತ್ತಿರ ಬೇಕಾದಷ್ಟಿತ್ತು. ಕೇರಳದ ಕೊಲ್ಲಂನವರು. ಓದಿದ್ದು ನಮ್ಮ ಬೆಂಗಳೂರಿನ ನಾಗರಭಾವಿಯ ಅದೇ ಲಾ ಸ್ಕೂಲಿನಲ್ಲಿ. ಅಲ್ಲಿಂದ ದೆಹಲಿಯ ಆನಂದ್ ಅಂಡ್ ಆನಂದ್ ಸಂಸ್ಥೆಗೆ ಹೋದರು. ಪೇಟೆಂಟ್, ಟ್ರೇಡ್‌ಮಾರ್ಕ್ ಕೆಲಸಕ್ಕೆ ದೇಶದಲ್ಲೇ ಹೆಸರಾದ ಸಂಸ್ಥೆ ಅದು. ಅಲ್ಲಿ ಟೆಲಿಕಾಂ ಮತ್ತು ತಂತ್ರಜ್ಞಾನ ವಿಭಾಗದ ಮುಖ್ಯಸ್ಥರೂ ಆದರು. ಹಾಗೇ ಮುಂದುವರಿದಿದ್ದರೆ ದೊಡ್ಡ ದುಡ್ಡು, ದೊಡ್ಡ ಮನೆ ಎಲ್ಲ ಆಗುತ್ತಿತ್ತು. ಬಿಟ್ಟು ಆಕ್ಸ್‌ಫರ್ಡಿಗೆ ಓದಲು ಹೋದರು. ಆಮೇಲೆ ಪಾಠ ಹೇಳಲು ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯಕ್ಕೆ ಬಂದರು. ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧಿಯ ಪೇಟೆಂಟ್ ಪ್ರಕರಣ ನೆನಪಿರಬೇಕು ನಿಮಗೆ. ಆ ಔಷಧಿ ಮಾರುವ ಹಕ್ಕು ತನಗೊಬ್ಬನಿಗೇ ಬೇಕು ಎಂದಿದ್ದ ನೊವಾರ್ಟಿಸ್ ಕಂಪನಿ ಸುಪ್ರೀಂ ಕೋರ್ಟಿನಲ್ಲಿ ಸೋತಿದ್ದು 2013ರ ಏಪ್ರಿಲ್‌ನಲ್ಲಿ. ಆ ಪ್ರಕರಣದಲ್ಲಿ ಯಾವ ಪಕ್ಷದ ವಕೀಲರಾಗಿಯೂ ಅಲ್ಲದೆ, ಒಬ್ಬ ಮೇಷ್ಟ್ರಾಗಿ ತಮ್ಮ ವಾದ ಕೇಳಿ ಎಂದು ನ್ಯಾಯಾಲಯದ ಮುಂದೆ ಹೋದವರು ಈ ಬಷೀರ್. 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿಯೂ ಬಂತು.

ಇಂಥವರಿಗೆ ತರಗತಿಯಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಎದುರಿಗೆ ಕೂತ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ದೊಡ್ಡ ಊರು, ಇಂಗ್ಲಿಷ್ ಶಾಲೆ, ಕೋಚಿಂಗಿಗೆ ದುಡ್ಡು ಕಟ್ಟಬಲ್ಲ ಅಪ್ಪ ಅಮ್ಮ. ಹಳ್ಳಿಯ ಮಕ್ಕಳಿಗೆ ಇಂಥದೊಂದು ಪರೀಕ್ಷೆ ಇದೆ ಅನ್ನೋದೇ ಗೊತ್ತಿಲ್ಲ. ಅದಕ್ಕೇ 2010ರಲ್ಲಿ ಐಡಿಐಎ ಎಂಬ ಸಂಸ್ಥೆ ಕಟ್ಟಿದರು. ಕೆಲಸ ಸರಳ: ಲಾ ಕಾಲೇಜಿನ ವಿದ್ಯಾರ್ಥಿಗಳೇ ಹಳ್ಳಿ ಶಾಲೆ, ಸರ್ಕಾರಿ ಶಾಲೆಗಳಿಗೆ ಹೋಗಬೇಕು. ಚುರುಕಾದ ಬಡ ಮಕ್ಕಳನ್ನು ಹುಡುಕಬೇಕು. ಅವರನ್ನು ಪರೀಕ್ಷೆಗೆ ತಯಾರು ಮಾಡಬೇಕು. ಸೀಟು ಸಿಕ್ಕ ಮೇಲೆ ಫೀಜು, ಪುಸ್ತಕ, ಇಂಗ್ಲಿಷ್ ಎಲ್ಲದಕ್ಕೂ ಬೆನ್ನಿಗೆ ನಿಲ್ಲಬೇಕು. ಕಣ್ಣು ಕಾಣದ ಮಕ್ಕಳು ಕೂಡ ಈ ದಾರಿಯಲ್ಲಿ ವಕೀಲರಾಗಿದ್ದಾರೆ.

2019ರ ಆಗಸ್ಟಿನಲ್ಲಿ ಬಷೀರ್ ನಮ್ಮ ಚಿಕ್ಕಮಗಳೂರಿನ ಬೆಟ್ಟದ ಕಡೆ ಬಂದಿದ್ದರು. ಅಲ್ಲೇ ತಮ್ಮ ಕಾರಿನಲ್ಲಿ ತೀರಿಕೊಂಡಿದ್ದರು. ಆಗ ಅವರಿಗೆ 43 ವರ್ಷ. ನಾಗರಭಾವಿಯ ಆ ಶಾಲೆಯನ್ನು ಕಟ್ಟಿ ಬೆಳೆಸಿದ ಮಾಧವ ಮೆನನ್ ಹೋಗಿದ್ದೂ ಅದೇ ವರ್ಷ, ಮೇ ತಿಂಗಳಲ್ಲಿ. ನಮ್ಮ ಕನ್ನಡ ಪತ್ರಿಕೆಗಳು ಇಬ್ಬರ ಬಗ್ಗೆಯೂ ಎಷ್ಟು ಬರೆದವು ಅಂತ ಕೇಳಬೇಡಿ. ಸಾವು ಹೇಗಾಯಿತು ಅನ್ನೋದಕ್ಕೆ ಜಾಗ ಇತ್ತು, ಬದುಕಿದ್ದಾಗ ಮಾಡಿದ್ದಕ್ಕೆ ಇರಲಿಲ್ಲ.

ಈಗ ನಿಮ್ಮ ‘ಪರೀಕ್ಷೆ ಎಲ್ಲರಿಗೂ ಒಂದೇ’ ಅನ್ನೋ ಮಾತು. ಮೊಮ್ಮಗಳ ಹತ್ತಿರ ಹಳೆಯ ಪ್ರಶ್ನೆಪತ್ರಿಕೆ ಇದ್ದೇ ಇರುತ್ತೆ, ಇಸ್ಕೊಂಡು ನೋಡಿ. 120 ನಿಮಿಷ, 120 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಗದ್ಯಭಾಗಗಳು ಹೆಚ್ಚಿನವು ಸುಮಾರು 450 ಪದ, ಎಲ್ಲ ಇಂಗ್ಲಿಷ್. ಇಂಗ್ಲಿಷ್ ವಿಭಾಗದಲ್ಲಿ ಇಂಗ್ಲಿಷ್ ಇರಲಿ, ಬೇಡ ಅಂದವರ್ಯಾರು? ಸಾಮಾನ್ಯ ಜ್ಞಾನವೂ ಇಂಗ್ಲಿಷ್ ಗದ್ಯ, ತರ್ಕವೂ ಇಂಗ್ಲಿಷ್ ಗದ್ಯ. ನಿಮ್ಮ ಗಣಿತದ ಲೆಕ್ಕ ಕೂಡ ಒಂದು ಇಂಗ್ಲಿಷ್ ಪ್ಯಾರಾದ ಒಳಗೆ ಅಡಗಿ ಕೂತಿರುತ್ತೆ. ಶೇಕಡಾವಾರು, ಅನುಪಾತ ನೀರು ಕುಡಿದಷ್ಟು ಸುಲಭವಾಗಿ ಮಾಡುತ್ತಿದ್ದ ನಿಮ್ಮ ಕನ್ನಡ ಮಾಧ್ಯಮದ ಹುಡುಗಿ, ಆ ಪ್ಯಾರಾ ಎರಡನೇ ಸಲ ಓದುವಷ್ಟರಲ್ಲಿ ಹೊತ್ತು ಮುಗಿದಿರುತ್ತೆ. ಅವಳಿಗೆ ಲೆಕ್ಕ ಬರಲ್ಲ ಅಂತೀರಾ, ಮೇಷ್ಟ್ರೇ? ಇಡೀ ಜೀವನ ಲೆಕ್ಕ ಹೇಳಿಕೊಟ್ಟ ನೀವು?

ಇನ್ನೊಂದು ತಮಾಷೆ ಕೇಳಿ. ಡಾಕ್ಟರಾಗಲು ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕಾನೂನು ಪದವಿ ಮುಗಿದ ಮೇಲೆ, ಕೋರ್ಟಿನಲ್ಲಿ ನಿಲ್ಲಲು ಬಾರ್ ಕೌನ್ಸಿಲ್ ನಡೆಸುವ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕಾನೂನು ಓದಲು ಒಳಗೆ ಹೋಗುವ ಈ ಒಂದು ಪರೀಕ್ಷೆಗೆ ಮಾತ್ರ ಕನ್ನಡ ಆಗಲ್ಲ! ವಕೀಲನಾಗಲು ಸಾಕಾಗುವ ಭಾಷೆ ವಿದ್ಯಾರ್ಥಿಯಾಗಲು ಸಾಲದಂತೆ. ಈ ಪರೀಕ್ಷೆ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಕಚೇರಿ ಇರೋದೆಲ್ಲಿ ಗೊತ್ತಾ? ನಾಗರಭಾವಿಯಲ್ಲೇ.

ಶೇ. 25ರ ಮಾತು ಎತ್ತಿದಿರಿ. 2020ರಲ್ಲಿ ಸರ್ಕಾರ ಕಾಯ್ದೆ ತಂದಿತು, ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಆಮೇಲೆ ಲಾ ಸ್ಕೂಲ್ ತಾನಾಗೇ ಜಾರಿಗೆ ತಂದಿತು. ಸಂತೋಷ. ಆದರೆ ಅದರ ಲೆಕ್ಕ ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದ್ದೀರಿ ಅನ್ನೋದರ ಮೇಲೆ. ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಶಾಲೆಯ ಮಗುವೂ ಅದರಲ್ಲಿ ಬರುತ್ತೆ, ಪಾವಗಡದ ಸರ್ಕಾರಿ ಶಾಲೆಯ ಮಗುವೂ ಬರುತ್ತೆ. ಇಬ್ಬರಲ್ಲಿ ಯಾರು ಮುಂದೆ ಓಡುತ್ತಾರೆ ಅಂತ ನಿಮಗೆ ಹೇಳಿಕೊಡಬೇಕಾ?

‘ಕಂಪನಿ ಕೆಲಸಕ್ಕೆ ಈ ಮಕ್ಕಳು ಯಾಕೆ’ ಅನ್ನೋ ಪ್ರಶ್ನೆ ಇನ್ನೂ ಉಳಿದಿದೆ. ನನಗೆ ಗೊತ್ತಿರುವ ಶಿರಾ ಕಡೆಯ ಹುಡುಗನೊಬ್ಬ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಜೂನಿಯರ್. ಸಂಸ್ಥೆಯ ಹೆಸರು ಬೇಡ. ಹೊರದೇಶದ ಕಂಪನಿಯೊಂದು ಕಾರ್ಖಾನೆಗೆ ಜಮೀನು ತೆಗೆದುಕೊಳ್ಳುವುದಿತ್ತು. ಇಂಗ್ಲಿಷಿನಲ್ಲಿ ಒಪ್ಪಂದ ರೆಡಿ, ಗಾಜಿನ ಮೀಟಿಂಗ್ ರೂಮು, ಕಾಫಿ, ಬಿಸ್ಕತ್ತು. ಆದರೆ ಮೇಜಿನ ಮೇಲೆ ಹರಡಿದ ಪಹಣಿ, ಮ್ಯುಟೇಶನ್, ಹಳೆಯ ಕ್ರಯಪತ್ರ ಎಲ್ಲ ಕನ್ನಡ. ಸೀನಿಯರ್‌ಗಳು ಯಾರೋ ಮಾಡಿಕೊಟ್ಟ ಇಂಗ್ಲಿಷ್ ಸಾರಾಂಶ ಓದುತ್ತಿದ್ದರು. ಈ ಹುಡುಗ ಪಹಣಿಯನ್ನೇ ಎಳೆದುಕೊಂಡು 9ನೇ ಕಾಲಂ, 11ನೇ ಕಾಲಂ ನೋಡಿ, ‘ಇದು ಮಂಜೂರಾದ ಜಮೀನು ಇದ್ದ ಹಾಗಿದೆ, ಸಾಗುವಳಿ ಚೀಟಿ ಎಲ್ಲಿ ಸರ್?’ ಅಂದನಂತೆ. ಯಾರಿಗೂ ಉತ್ತರ ಗೊತ್ತಿರಲಿಲ್ಲ.

ನಿಮಗೆ ಗೊತ್ತಿರುತ್ತೆ, ಓದುಗರಿಗಾಗಿ ಹೇಳುತ್ತೇನೆ. ಸಾಗುವಳಿ ಚೀಟಿ ಅಂದರೆ ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಡುವ ಕಾಗದ. ನಮ್ಮಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಮಾರಾಟವೇ ಅಸಿಂಧು. ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್. ಅದರ ಮೇಲೆ ಕಾರ್ಖಾನೆ ಕಟ್ಟಿ ಕೂತವರ ಗತಿ ಏನು? ಆ ಹುಡುಗನ ಅಜ್ಜನಿಗೂ ಮಂಜೂರಾದ ಎರಡೆಕರೆ ಇತ್ತಂತೆ. ತಾಲೂಕು ಕಚೇರಿಗೆ ಅಲೆದು ಅಲೆದು ಮನೆಯಲ್ಲಿ ಎಲ್ಲರಿಗೂ ಕಾಲಂ ನಂಬರು ಬಾಯಿಪಾಠ. ನೀವು ಕೇಳಿದಿರಲ್ಲ, ಅವನು ಯಾವ ಊರು, ಯಾವ ಜಾತಿ ಅಂತ ಯಾರಿಗೆ ಬೇಕು ಅಂತ. ಆ ದಿನ ಕಂಪನಿಗೇ ಬೇಕಾಗಿತ್ತು, ಮೇಷ್ಟ್ರೇ.

ಇದೇ ಸಂಸ್ಥೆಯವರು ಆಮೇಲೆ ಐದು ನಕ್ಷತ್ರದ ಹೋಟೆಲೊಂದರಲ್ಲಿ ವಕೀಲಿಕೆಯಲ್ಲಿ ವೈವಿಧ್ಯ ಅಂತ ಚರ್ಚೆ ಇಟ್ಟಿದ್ದರು. ನನ್ನನ್ನೂ ಕರೆದಿದ್ದರು, ಹೋಗಿದ್ದೆ. ವೇದಿಕೆ ಮೇಲಿದ್ದವರೆಲ್ಲ ಒಳ್ಳೆಯವರೇ. ಹೆಂಗಸರೂ ಇದ್ದರು, ದೊಡ್ಡ ದೊಡ್ಡ ಮಾತೂ ಆಡಿದರು. ಆದರೆ ಎಲ್ಲರೂ ಒಂದೇ ಐದಾರು ಶಾಲೆಗಳಲ್ಲಿ ಓದಿದವರು, ಒಂದೇ ಧಾಟಿಯ ಇಂಗ್ಲಿಷ್. ಶಿರಾ ಹುಡುಗ ಬಾಗಿಲ ಹತ್ತಿರ ನಿಂತು ಬಂದವರಿಗೆ ಹೆಸರಿನ ಬಿಲ್ಲೆ ಹಂಚುತ್ತಿದ್ದ.

ಹೆಂಗಸರ ವಿಷಯ ಬಂತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಡಿ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಾನೂನು ಓದಿದವರ ಸಂಘಕ್ಕೆ! ನಮ್ಮವರೇ ಆದ ನ್ಯಾಯಮೂರ್ತಿ ನಾಗರತ್ನ ಅವರು 2027ರಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗುವ ಸರದಿ ಇದೆ. ಆದರೂ ಒಂದೂಕಾಲು ತಿಂಗಳು ಮಾತ್ರ. ಹೆಮ್ಮೆ ಪಡೋಣ, ಜೊತೆಗೆ ಸ್ವಲ್ಪ ನಾಚಿಕೆಯೂ ಇರಲಿ.

ಸೀಟು ಸಿಕ್ಕರೂ ಕಷ್ಟ ಮುಗಿಯಲ್ಲ. ಕ್ಯಾಂಪಸ್ಸಿಗೆ ದೊಡ್ಡ ಸಂಸ್ಥೆಗಳು ಬಂದು ಕೆಲಸ ಕೊಡುವ ದಿನಕ್ಕೆ ‘ಡೇ ಝೀರೋ’ ಅಂತಾರೆ. ಅಷ್ಟರೊಳಗೆ ಮುಂಬೈಯಲ್ಲೋ ದೆಹಲಿಯಲ್ಲೋ ಇಂಟರ್ನ್‌ಶಿಪ್ ಮಾಡಿರಬೇಕು. ಉಳಿಯಲು ಮನೆ, ಊಟ, ಒಂದು ಕೋಟು, ಎಲ್ಲ ಸ್ವಂತ ಖರ್ಚು. ಕೋರ್ಟಿಗೆ ಹೋಗೋಣ ಅಂದರೆ ಅಲ್ಲಿ ಇನ್ನೂ ಚೆನ್ನಾಗಿದೆ. ಜೂನಿಯರ್‌ಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಕಳಿಸಿತು. ಬರೀ ಸಲಹೆ, ಕಡ್ಡಾಯ ಏನಿಲ್ಲ. ಎಷ್ಟು ಸೀನಿಯರ್‌ಗಳು ಕೊಡುತ್ತಾರೆ ಅಂತ ನಿಮ್ಮ ತಿಪಟೂರು ಕೋರ್ಟಿನ ಕ್ಯಾಂಟೀನಿನಲ್ಲಿ ಒಮ್ಮೆ ವಿಚಾರಿಸಿ. ಅಪ್ಪನ ಆಫೀಸು ಇದ್ದವನು ತಡೆದುಕೊಳ್ಳುತ್ತಾನೆ. ಇಲ್ಲದವನು ಊರಿಗೆ ವಾಪಸ್ ಹೋಗಿ ಬೇರೆ ಕೆಲಸ ನೋಡುತ್ತಾನೆ.

ನನಗೆ ಸಿಟ್ಟು ಬರೋದು ಇಲ್ಲಿ. ಹೈಕೋರ್ಟಿನ ಹತ್ತಿರ ನೋಟರಿ ಮುಂದೆ ನಿಂತು ಒಮ್ಮೆ ನೋಡಿ. ಹಳ್ಳಿಯ ಹೆಂಗಸೊಬ್ಬಳು ಇಂಗ್ಲಿಷ್ ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತುತ್ತಾಳೆ. ಕೊನೆಯಲ್ಲಿ ಒಂದು ಸಾಲು ಟೈಪ್ ಆಗಿರುತ್ತೆ: ಇದನ್ನೆಲ್ಲ ಆಕೆಗೆ ಕನ್ನಡದಲ್ಲಿ ಓದಿ ವಿವರಿಸಲಾಗಿದೆ. ಎಷ್ಟು ಸಲ ನಿಜವಾಗಿ ವಿವರಿಸುತ್ತಾರೆ? ನಾನು ಕಂಡಿದ್ದರಲ್ಲಿ, ‘ಏನಿಲ್ಲಮ್ಮಾ, ಇಲ್ಲೊಂದು ಒತ್ತು’ ಅನ್ನೋದೇ ಜಾಸ್ತಿ. ಶಾಯಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಆಕೆ ಹೋಗುತ್ತಾಳೆ, ಜಮೀನು ಏನಾಯಿತು ಅಂತ ಗೊತ್ತಿಲ್ಲದೆ. ಅವಳ ಮಗಳು ಆ ಟೈಪ್‌ರೈಟರ್‌ನ ಆಚೆ ಬದಿಯಲ್ಲಿ ಕೂರಬೇಕು ಅಂತ ಬಷೀರ್ ಹಟ ಹಿಡಿದಿದ್ದರು. ಅದು ಅತಿ ಅಂತ ನನಗೆ ಅನ್ನಿಸಲ್ಲ.

ಮೊಮ್ಮಗಳಿಗೆ ಒಳ್ಳೆಯದಾಗಲಿ, ಮನಸಾರೆ ಹೇಳುತ್ತೇನೆ. ಪಿಂಚಣಿ ಬರುವ ತಾತ ಇದ್ದಾರೆ, ಅವಳಿಗೆ ಐಡಿಐಎ ಬೇಕಾಗಲ್ಲ. ಆದರೆ ನೀವು ಪಾಠ ಮಾಡಿದ ಶಾಲೆಯ ಕಡೆ ಪಿಯುಸಿ ಓದುತ್ತಿರುವ, ವಾದ ಮಾಡಿದರೆ ಯಾರಿಗೂ ಸೋಲದ, ಮನೆಯಲ್ಲಿ ಕೂಲಿ ನಾಲಿ ಮಾಡುವ ಮಕ್ಕಳು ನಿಮಗೆ ಗೊತ್ತೇ ಇರುತ್ತಾರೆ. ಆ ಸಂಸ್ಥೆಗೆ ಕರ್ನಾಟಕದಲ್ಲೂ ತಂಡ ಇದೆ. ಮುಂದಿನ ಕಾಗದದಲ್ಲಿ ನನ್ನ ಜೊತೆ ಜಗಳ ಆಡಿ, ಪರವಾಗಿಲ್ಲ. ಅದರ ಜೊತೆಗೇ ಅಂಥ ಇಬ್ಬರು ಮೂವರ ಹೆಸರು ಬರೆದು ಕಳಿಸಿ, ಅವರಿಗೆ ತಲುಪಿಸುವ ಕೆಲಸ ನನ್ನದು.